ಅಕ್ಕನ ಗಾಯದ ಮೇಲೆ ತಂಗಿಯ ಕಣ್ಣು

೧

ಎಲ್ಲಿಂದ ಶುರು ಮಾಡಲಿ? ಅಪ್ಪನ ಬೆಲ್ಟಿನಿಂದ ಶುರು ಮಾಡಿದರೆ ನೀವು ಎರಡನೇ ಸಾಲಿಗೇ ಪುಟ ಮಗುಚುತ್ತೀರಿ. ಕೋರ್ಟಿನಿಂದ ಎಂದರೆ ನನ್ನ ಕಾನೂನು ಜ್ಞಾನ ಅಷ್ಟಕ್ಕಷ್ಟೇ. ತಂಗಿಯ ಹೊಟ್ಟೆಕಿಚ್ಚಿನಿಂದಲೇ ಹೊರಡೋಣ. ಬೇರೆ ಕತೆಗಾರರ ಪ್ರಶಸ್ತಿ ನೋಡಿ ನೋಡಿ ಅದರ ಪರಿಚಯ ನನಗೆ ಚೆನ್ನಾಗಿದೆ.

ತಂಗಿ ದರ್ಜಿ. ಹಳೇ ಬಟ್ಟೆಯ ಹೊಲಿಗೆ ಬಿಚ್ಚಿ ಆಲ್ಟರ್ ಮಾಡುವುದು ಅವಳ ಕಸುಬು. ಅಕ್ಕ ಅಪ್ಪನ ಮೇಲೆ ಕೇಸು ಹಾಕುತ್ತಿದ್ದಾಳೆ, ಚಿಕ್ಕಂದಿನಲ್ಲಿ ಕೊಟ್ಟ ಹಿಂಸೆಗೆ ಪರಿಹಾರ ಬೇಕೆಂದು. ಸುದ್ದಿ ಕೇಳಿ ತಂಗಿಗೆ ಮೊದಲು ಅನ್ನಿಸಿದ್ದು 'ಪಾಪ ಅಕ್ಕ' ಎಂದಲ್ಲ, 'ಇವಳಿಗೆ ಮಾತ್ರನಾ?' ಎಂದು. (ಈ ವಾಕ್ಯವನ್ನು ಮೂರು ಸಲ ಹೊಡೆದುಹಾಕಿದೆ. ಮೂರು ಸಲವೂ ಅವಳೇ ಬಂದು ವಾಪಸ್ ಬರೆಸಿದಳು.)

೨

ಅಕ್ಕನ ಮೊಣಕೈ ಕೆಳಗೆ ಇಸ್ತ್ರಿಪೆಟ್ಟಿಗೆ ಇಟ್ಟ ಗುರುತಿದೆ. ಆಸ್ಪತ್ರೆಯ ಚೀಟಿ ಇದೆ, ಟೀಚರ್ ಬರೆದಿಟ್ಟ ಕಾಗದವೂ ಇದೆ. ವಕೀಲೆ ಅವನ್ನು ಒಂದೊಂದಾಗಿ ಫೈಲಿಗೆ ಸೇರಿಸುವಾಗ ತಂಗಿ ಪಕ್ಕದಲ್ಲೇ ಕೂತು, ಅಕ್ಕನ ಒಡವೆ ನೋಡುವ ಹಾಗೆ ನೋಡುತ್ತಿದ್ದಳು. ಅವಳ ಮೈಮೇಲೆ ಒಂದು ಗೀರೂ ಇಲ್ಲ.

"ನನ್ನನ್ನ ಹೀಗೆ ಕೆಟ್ಟವಳ ಥರ ತೋರಿಸ್ಬೇಡಿ," ಎಂದು ಈಗ ನನ್ನ ಮೇಲೆ ರೇಗುತ್ತಿದ್ದಾಳೆ. "ನಂಗೂ ಆಗಿದೆ. ಕಪಾಟಿನ ವಿಷ್ಯ ಬರೀರಿ."

ಬರೆದೆ, ತಾಯಿ.

೨ (ಮತ್ತೆ)

ಹಜಾರದ ಬಟ್ಟೆ ಕಪಾಟು. ಏಳು ವರ್ಷದವಳಿದ್ದಾಗ ತಂಗಿ ಎಷ್ಟೋ ಸಂಜೆ ಅದರೊಳಗೆ ಕತ್ತಲಲ್ಲಿ ಕೂತಿದ್ದಾಳೆ, ಹೊರಗಿನಿಂದ ಬೀಗ. ಇವತ್ತಿಗೂ ಲಿಫ್ಟ್ ಹತ್ತುವುದಿಲ್ಲ. ಹೋದ ವಾರ ಅಪ್ಪ ಇಲ್ಲದ ಹೊತ್ತು ನೋಡಿ ಆ ಮನೆಗೆ ಹೋದಳು. ಕಪಾಟಿನ ಎತ್ತರ, ಅಗಲ, ಆಳ ಎಲ್ಲವನ್ನೂ ಟೇಪ್ ಹಿಡಿದು ಅಳೆದು, ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆದುಕೊಂಡಳು. ದರ್ಜಿಗೆ ಬೇರೆ ಪುರಾವೆ ಗೊತ್ತಿಲ್ಲ.

ತನ್ನದೂ ಒಂದು ಕೇಸು ಹಾಕಿ ಎಂದು ತಂಗಿ ಕೊಟ್ಟ ಪುಸ್ತಕವನ್ನು ವಕೀಲೆ ತಿರುವಿದರು. "ಸರಿ ಕಣಮ್ಮ. ಬೀಗ ಹಾಕ್ತಿದ್ದವರು ಯಾರು?"

(ಇಲ್ಲಿ ನಾನು 'ಅಪ್ಪ' ಎಂದು ಬರೆದಿದ್ದೆ. ಕತೆ ಸಲೀಸಾಗಿ ಮುಗಿಯುತ್ತಿತ್ತು.)

"ಅಕ್ಕ," ಎಂದಳು ತಂಗಿ.

೫

(ಮೂರು, ನಾಲ್ಕನ್ನು ಹರಿದುಹಾಕಿದೆ. ಕಣ್ಣೀರು ಜಾಸ್ತಿಯಾಗಿತ್ತು.)

ಮೆಟ್ಟಿಲ ಮೇಲೆ ಅಪ್ಪನ ಬೂಟು ಕೇಳಿದ ಕೂಡಲೇ ಹತ್ತು ವರ್ಷದ ಅಕ್ಕ ತಂಗಿಯನ್ನು ಒಳಗೆ ತಳ್ಳಿ, ಬೀಗ ಹಾಕಿ, ಕೀಲಿಯನ್ನು ಬಾಯೊಳಗೆ ಇಟ್ಟುಕೊಳ್ಳುತ್ತಿದ್ದಳು. ಎಷ್ಟು ಹೊಡೆದರೂ ಬಾಯಿ ಬಿಡುತ್ತಿರಲಿಲ್ಲ.

ವಕೀಲೆ ಬಿಡಿಸಿ ಹೇಳಿದರು. ತಂಗಿ ಬೇರೆ ದಾವೆ ಹೂಡಿದರೆ ಅದರಲ್ಲಿ ಅಕ್ಕನ ಹೆಸರು ಬರುತ್ತದೆ. ಅಪ್ಪನ ಕಡೆಯವರು ಅದನ್ನೇ ಹಿಡಿದು ಜಗ್ಗುತ್ತಾರೆ, ಅಕ್ಕನ ಕೇಸು ಬಿದ್ದೇ ಹೋಗಬಹುದು. ಅದರ ಬದಲು ತಂಗಿ ಅಕ್ಕನ ಪರವಾಗಿ ಸಾಕ್ಷಿ ಹೇಳಬಹುದು. ಆ ಹೊತ್ತಿಗೆ ಮನೆಯಲ್ಲಿದ್ದ ಬೇರೆ ಸಾಕ್ಷಿ ಯಾರೂ ಇಲ್ಲ.

"ಅಂದ್ರೆ ಇಲ್ಲೂ ಅವಳದ್ದೇ ಕೇಸು. ನಾನು ಬಾಗಿಲ ಹಿಂದೆ," ಎಂದಳು ತಂಗಿ.

ಪಕ್ಕದ ಕುರ್ಚಿಯಲ್ಲಿದ್ದ ಅಕ್ಕ, "ನಂಗೂ ನಿನ್ನ ಕಂಡ್ರೆ ಹೊಟ್ಟೆ ಉರೀತಿತ್ತು ಕಣೇ," ಎಂದಳು. "ಬೀಗ ಹಾಕುವಾಗೆಲ್ಲ ಅನ್ನಿಸ್ತಿತ್ತು, ಇವಳು ಒಳಗಿದ್ದಾಳಲ್ಲ ಅಂತ."

ತಂಗಿ ಅಳತೆ ಪುಸ್ತಕ ಮುಚ್ಚಿದಳು. ನಾನು ಮುಕ್ತಾಯ ಹುಡುಕತೊಡಗಿದೆ.

ಮುಕ್ತಾಯ ಒಂದು: ಅಕ್ಕತಂಗಿ ತಬ್ಬಿಕೊಂಡು ಅಳುತ್ತಾರೆ. ("ಅದನ್ನ ಬರೆದ್ರೆ ಎದ್ದು ಹೋಗ್ತೀನಿ," ಎಂದಳು ತಂಗಿ. "ನಾನೂ," ಎಂದಳು ಅಕ್ಕ.)

ಮುಕ್ತಾಯ ಎರಡು: ತಂಗಿ ಅಕ್ಕನ ಮೇಲೂ ಕೇಸು ಹಾಕಿ ಗೆಲ್ಲುತ್ತಾಳೆ. (ಇದಕ್ಕೆ ಅವಳು ಬೇಡ ಎನ್ನಲಿಲ್ಲ. ಗಮನಿಸಿದಿರಲ್ಲ?)

ಮುಕ್ತಾಯ ಮೂರು: ಅಪ್ಪ ಬಂದು ತಪ್ಪಾಯಿತು ಎನ್ನುತ್ತಾನೆ. ಅಷ್ಟು ದೊಡ್ಡ ಸುಳ್ಳು ನನ್ನ ಕೈಲಾಗದು.

ಅಷ್ಟರಲ್ಲಿ ತಂಗಿ ನನ್ನನ್ನು ಕೇಳದೆಯೇ ವಕೀಲೆಯ ಟೈಪಿಸ್ಟ್ ಕಡೆಗೆ ಕುರ್ಚಿ ಎಳೆದುಕೊಂಡಳು.

"ಸಾಕ್ಷಿ ಅಂತಾನೇ ಹಾಕ್ಕೊಳ್ಳಿ. ಆದ್ರೆ ಮೊದಲ್ನೇ ಸಾಲು ನಂದು. ನಾನು ಒಳಗಿದ್ದೆ, ನಂಗೆ ಭಯ ಆಗ್ತಿತ್ತು. ಆಯ್ತಾ? ಈಗ ಅವಳದ್ದು ಬರ್ಕೊಳ್ಳಿ. ಕುರ್ಚಿ ಬಿತ್ತು. ಬೆಲ್ಟು ಬಿಚ್ಚಿದ ಸದ್ದು. ಒಂದು. ಎರಡು. ಮೂರು..."

"ಎಣಿಸ್ತಿದ್ಯೇನೇ ನೀನು?" ಎಂದಳು ಅಕ್ಕ.

"ಒಂದಿನಾನೂ ತಪ್ಪಿಸಿಲ್ಲ," ಎಂದಳು ತಂಗಿ, ಅವಳ ಕಡೆ ತಿರುಗದೆ. "ಹದಿನಾಲ್ಕು. ಹದಿನೈದು."

ನನ್ನ ಹಾಳೆ ಇಲ್ಲಿಗೆ ಮುಗಿಯಿತು. ಅವಳು ಮುಗಿಸಿಲ್ಲ. ನೀವು ಬೇಕಾದರೆ ಏಳಿ, ಅಕ್ಕ ಮಾತ್ರ ಕೇಳುತ್ತಾ ಕೂತೇ ಇದ್ದಾಳೆ.