ಯಾರನ್ನೂ ನಂಬದ ತಕ್ಕಡಿ

ನಾನು ಒಂದು ತಕ್ಕಡಿ. ಕಿರಾಣಿ ಅಂಗಡಿಯ ಎರಡು ತಟ್ಟೆಯ ತಕ್ಕಡಿಯಲ್ಲ. ಕೂಸುಗಳನ್ನು ತೂಗುವ ತಕ್ಕಡಿ. ಗಡಿಯಾರದಂಥ ದುಂಡು ಮುಖ, ಒಂದೇ ಮುಳ್ಳು, ಎದೆಯೊಳಗೊಂದು ಸ್ಪ್ರಿಂಗ್, ಕೆಳಗೊಂದು ಕೊಕ್ಕೆ. ಕಾಲು ಇಳಿಬಿಡಲು ಎರಡು ತೂತಿರುವ ಬಟ್ಟೆಯ ಚೀಲವನ್ನು ಆ ಕೊಕ್ಕೆಗೆ ಸಿಕ್ಕಿಸಿ, ಅದರಲ್ಲಿ ಕೂಸನ್ನು ಕೂರಿಸುತ್ತಾರೆ.

ಹುಟ್ಟಿದ್ದು ಒಂದು ಕಾರ್ಖಾನೆಯ ಗದ್ದಲದಲ್ಲಿ. ಮುಖಕ್ಕೆ ಗಾಜು ಕೂರಿಸಿದ ಮೇಲೆ ಒಬ್ಬ ಮನುಷ್ಯ ನನ್ನ ಕೊಕ್ಕೆಗೆ ತೂಕದ ಕಲ್ಲು ನೇತುಹಾಕಿದ. ಮುಳ್ಳು ಸರಿಯಾದ ಗೆರೆಗೇ ಬಂತು. ಅವನು ನಂಬಲಿಲ್ಲ. ತೆಗೆದು ಮತ್ತೆ ಹಾಕಿದ, ಕಣ್ಣು ಕಿರಿದು ಮಾಡಿ ನೋಡಿದ. ಲೋಕದಲ್ಲಿ ನಾನು ಕಂಡ ಮೊದಲ ಮುಖವೇ ಅನುಮಾನದ್ದು. ಅದು ನನಗೂ ಅಂಟಿಕೊಂಡಿತು.

ಅಲ್ಲಿಂದ ಒಂದು ಸರ್ಕಾರಿ ಉಗ್ರಾಣ ಸೇರಿದೆ. ಉಗ್ರಾಣದ ಕಾವಲುಗಾರ ನನ್ನನ್ನು ಪೆಟ್ಟಿಗೆಯಿಂದ ತೆಗೆದು, ಬಾಗಿಲಿಗೆ ಬಂದ ಮಾರುವವಳಿಂದ ಉಳ್ಳಾಗಡ್ಡಿ ತೂಗಿಸಿಕೊಂಡ. ಮಾರುವವಳು ಚೀಲವನ್ನು ಮೆಲ್ಲಗೆ ಕೆಳಗೆ ಜಗ್ಗಿದಳು. ಕೊಳ್ಳುವವನು ಮೆಲ್ಲಗೆ ಮೇಲಕ್ಕೆತ್ತಿದ. ಕಡೆಗೆ ಇಬ್ಬರೂ ನನ್ನನ್ನೇ ಬೈದರು: "ಈ ಮಶಿನ್ನ ಖೊಟ್ಟಿ ಐತಿ!" ಅಂದಿನಿಂದ ಯಾವ ತೂಕ ಬಂದರೂ ನಾನು ಮೊದಲು ನೋಡುವುದು ತೂಕವನ್ನಲ್ಲ, ಕೈಗಳನ್ನು.

ಆಮೇಲೆ ನನ್ನನ್ನು ಸೀರೆ ನೇಯುವ ಊರೊಂದರ ನೇಕಾರರ ಓಣಿಗೆ ಕಳಿಸಿದರು. ಅಲ್ಲಿಯ ಅಂಗನವಾಡಿ ಟೀಚರ್ ನೀಲಾಂಬಿಕಾ ನನ್ನನ್ನು ತೊಲೆಗೆ ತೂಗುಹಾಕಿದರು. ಓಣಿಯವರೆಲ್ಲ ಅವರನ್ನು ಅಕ್ಕಾರ ಎನ್ನುತ್ತಿದ್ದರು. ಸುತ್ತ ಮಗ್ಗಗಳ ಲಟಪಟ ಸದ್ದು. ನಡುವೆ ಕೂಸುಗಳ ಅಳು.

ತಾಯಂದಿರಿಗೆ ನನ್ನನ್ನು ಕಂಡರಾಗದು. ತೂಗಿದರೆ ಕೂಸಿಗೆ ದೃಷ್ಟಿ ತಾಗುತ್ತದೆ ಎಂಬ ಭಯ. "ಬಂಗಾರ ತೂಗತಾರ, ಬೆಳ್ಳಿ ತೂಗತಾರ. ಕೂಸಿನ್ಯಾಕ ತೂಗತೀರಿ ಅಕ್ಕಾರ, ಮಾರೂದೈತೇನು?" ಎಂದು ಒಬ್ಬಳು ಕೇಳಿದರೆ, "ನಿನ್ನ ಮಗಾ ಮಾಡೂ ಗದ್ದಲಕ್ಕ ಪುಕ್ಕಟೆ ಕೊಟ್ರೂ ಯಾರೂ ಒಯ್ಯೂದಿಲ್ಲ, ಕೂಡಸು" ಎಂದು ಅಕ್ಕಾರ ನಗುತ್ತಿದ್ದರು. ಕಾಲ್ಗಡಗ, ಬೆಳ್ಳಿಯ ಉಡಿದಾರ ಎಲ್ಲ ಬಿಚ್ಚಿಸಿಯೇ ತೂಗುತ್ತಿದ್ದರು. ಆ ಹೆಂಗಸನ್ನು ಮಾತ್ರ ನಾನು ಅರ್ಧ ನಂಬಿದ್ದೆ. ಪೂರ್ತಿ ಅಲ್ಲ. ಸೊರಗಿದ ಕೂಸುಗಳು ಹೆಚ್ಚಿದರೆ ಮೇಲಿನವರು ಅವರನ್ನೇ ಬೈಯುವುದನ್ನು ನಾನು ಕೇಳಿದ್ದೆ.

ಬನವ್ವ ತನ್ನ ಎರಡನೆಯ ಮಗಳು ರುಕ್ಮಾಳನ್ನು ತರುತ್ತಿದ್ದಳು. ಜೊತೆಗೆ ಅತ್ತೆ ತುಳಜವ್ವ. ಗಂಡ ದೂರದ ಊರಿನ ಪವರ್‌ಲೂಮಿಗೆ ಹೋಗಿದ್ದ. ಮನೆಯ ಮಗ್ಗ ನಡೆಸುವವಳು ಬನವ್ವನೇ. ರುಕ್ಮಾಗೆ ಸದಾ ಕುಂಚಿಗೆ, ಅಂದರೆ ತಲೆಯಿಂದ ಬೆನ್ನ ಮೇಲೆ ಇಳಿಬೀಳುವ ಹೊಲಿದ ಟೊಪ್ಪಿಗೆ. ಕಡಗ ಬಿಚ್ಚಿದರೂ ಅದನ್ನು ಮಾತ್ರ ತೆಗೆಯಗೊಡುತ್ತಿರಲಿಲ್ಲ.

"ನೆಗಡಿ ಆಗೇತ್ರಿ ಅಕ್ಕಾರ. ಕುಂಚಿಗಿ ಇರ್ಲಿ. ಬಟ್ಟಿ ಎಷ್ಟ ತೂಗೀತು?" ಎಂದಳು ಬನವ್ವ.

ಅಕ್ಕಾರ ಒಪ್ಪಿದರು. ಮುಳ್ಳು ಒಳ್ಳೆಯ ಗೆರೆಯ ಮೇಲೆ ನಿಂತಿತು. "ಏರೇತಿ ಬನವ್ವಾ, ಚಲೋ ಆತು" ಎಂದರು. ನನಗೆ ಮಾತ್ರ ಸಮಾಧಾನವಿಲ್ಲ. ಇಷ್ಟು ತೂಕದ ಕೂಸು ಚೀಲದಲ್ಲಿ ಕೂತರೆ ಒದೆಯುತ್ತದೆ, ಮುಳ್ಳು ಕುಣಿಯುತ್ತದೆ, ಓದುವವರಿಗೆ ಸಾಕುಸಾಕಾಗುತ್ತದೆ. ರುಕ್ಮಾ ಒದ್ದದ್ದೇ ಇಲ್ಲ. ತೂಕವೆಲ್ಲ ಬೆನ್ನ ಕಡೆಗೇ ವಾಲಿತ್ತು. ಮುಂದಿನ ತಿಂಗಳೂ ಹಾಗೇ.

ಯಾರ ಕೈವಾಡ? ತುಳಜವ್ವ ಚೀಲದ ಹತ್ತಿರವೇ ನಿಲ್ಲುತ್ತಾಳೆ, ಜಗ್ಗುತ್ತಿರಬಹುದೇ? ಇಲ್ಲ, ಅವಳ ಎರಡೂ ಕೈ ಸೆರಗಿನೊಳಗಿವೆ. ಹಾಗಾದರೆ ಅಕ್ಕಾರರೇ ಬೈಗುಳಕ್ಕೆ ಅಂಜಿ ಕಣ್ಣು ಮುಚ್ಚಿಕೊಂಡಿದ್ದಾರೆಯೇ? ನನ್ನಲ್ಲಿ ಇರುವುದು ಒಂದು ಮುಳ್ಳು. ಎಷ್ಟು ಎಂದು ಹೇಳಬಲ್ಲೆ. ಏನೋ ತಪ್ಪಿದೆ ಎಂದು ಹೇಗೆ ಕೂಗಲಿ?

ಒಂದು ಮಧ್ಯಾಹ್ನ ಮಕ್ಕಳೆಲ್ಲ ಉಂಡು ಮನೆಗೆ ಹೋಗಿದ್ದರು. ಬನವ್ವ ಒಬ್ಬಳೇ ಬಂದಳು. ಅವಳ ಹೆಗಲ ಮೇಲೆ ರುಕ್ಮಾ ಒಗೆದು ಹಾಕಿದ ಬಟ್ಟೆಯ ಹಾಗೆ ಬಿದ್ದಿದ್ದಳು.

"ಅಕ್ಕಾರ, ಇನ್ನೊಮ್ಮೆ ತೂಗ್ರಿ. ಈ ಸಲ ಬರೇ ಕೂಸಿನ್ನ."

ಅವಳೇ ಕುಂಚಿಗೆ ಬಿಚ್ಚಿ ಕೆಳಗಿಟ್ಟಳು. ನೆಲಕ್ಕೆ ಠಣ್ ಎಂಬ ಸದ್ದು. ಕುಂಚಿಗೆಯ ಬೆನ್ನಿನಲ್ಲಿ ಹೊಲಿದ ಜೇಬು. ಅದರೊಳಗೆ ಅಡಿಕೆ ಕತ್ತರಿಸುವ ಒಂದು ಕಬ್ಬಿಣದ ಅಡಕೊತ್ತು. ಕೂಸಿನ ಹತ್ತಿರ ಕಬ್ಬಿಣವಿದ್ದರೆ ಗಾಳಿ ಸೋಕುವುದಿಲ್ಲವೆಂದು ತುಳಜವ್ವ ಹೊಲಿದಿಟ್ಟದ್ದು. ರುಕ್ಮಾ ಬರಿಮೈಯಲ್ಲಿ ಚೀಲದಲ್ಲಿ ಕೂತಳು. ಮುಳ್ಳು ಸ್ವಲ್ಪವೇ ಸರಿದು ನಿಂತುಬಿಟ್ಟಿತು.

ಅಕ್ಕಾರ ಅಡಕೊತ್ತನ್ನು ಎತ್ತಿಕೊಂಡರು. "ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ. ತೂಕ ಕಡಿಮಿ ಬಂದ್ರ ದೊಡ್ಡಾಸ್ಪತ್ರಿಗೆ ಒಯ್ತಾರ, ದಿನಗಟ್ಟಲೆ ಅಲ್ಲೇ ಇಟ್ಕೋತಾರ ಅಂದ್ರು. ತಾಯಿ, ಕೂಸು ಇಬ್ಬರ ಇರಬೇಕಂತ. ದೊಡ್ಡ ಮಗಳನ್ನ ಎಲ್ಲಿ ಬಿಡ್ಲಿ? ಆಕಿ ನನ್ನ ಬಿಟ್ಟು ಒಂದ್ ತಾಸೂ ಇರೂದಿಲ್ಲ. ಮಗ್ಗದ ಮ್ಯಾಲೆ ಹಾಸು ಏರೇತಿ, ಸೀರಿ ಅರ್ಧಕ್ಕ ಬಿಡಾಕ ಬರೂದಿಲ್ಲ. ಅದಕ್ಕ ಸುಮ್ಮನಿದ್ದೆ." ಅವಳು ಕೂಸಿನ ಕೆನ್ನೆ ಸವರಿದಳು. "ಇವತ್ತ ಮುಂಜಾನಿಂದ ಈಕಿ ಹಾಲಿಗೆ ಅತ್ತಿಲ್ರೀ."

ಅಷ್ಟರಲ್ಲಿ ತುಳಜವ್ವ ಏದುಸಿರು ಬಿಡುತ್ತ ಬಂದಳು. "ದೊಡ್ಡಾಸ್ಪತ್ರಿಗೆ ಹೋದ ಕೂಸು ಹೋದಂಗ ಬರೂದಿಲ್ಲ! ನಾ ಕಳಸಾಂಗಿಲ್ಲ!"

ಅಕ್ಕಾರ ವಾದ ಮಾಡಲಿಲ್ಲ. ಮೊದಲು ಅಡಕೊತ್ತನ್ನು, ಆಮೇಲೆ ರುಕ್ಮಾಳನ್ನು ಮುದುಕಿಯ ಕೈಗೆ ಕೊಟ್ಟರು. ತುಳಜವ್ವ ಕೂಸಿನ ಪಕ್ಕೆಲುಬಿನ ಮೇಲೆ ಬೆರಳಾಡಿಸಿದಳು.

"ಕೂಸಿನ್ನ ಕಾಯ್ಲಿ ಅಂತ ಇಟ್ಟಿದ್ನೆವ್ವಾ, ತೂಕ ಮುಚ್ಚಿಡ್ಲಿ ಅಂತಲ್ಲ" ಎಂದಳು. ಮತ್ತೆ ಸೊಸೆಯ ಕಡೆ ತಿರುಗಿ, "ಸೆರಗು ನೇಯಾಕ ನನ್ನ ಕಣ್ಣು ಕೂಡೂದಿಲ್ಲ. ಸೀರಿ ಮೈ ನೇಯ್ತೀನಿ. ನೀ ನಡಿ."

ಅಕ್ಕಾರ ಆಸ್ಪತ್ರೆಗೆ ಫೋನ್ ಹಚ್ಚಿದರು. ದೊಡ್ಡ ಮಗಳಿಗೆ ವಾರ್ಡಿನಲ್ಲಿ ಜಾಗವಿಲ್ಲ, ನಿಯಮ ಹಾಗಿದೆ ಎಂದಿತು ಆ ಕಡೆಯ ದನಿ. "ಸಿಸ್ಟರ್, ಇದ ನಿಯಮಕ್ಕ ಅಂಜಿ ಈ ತಾಯಿ ಕೂಸಿನ ಬೆನ್ನಿನ ಕಬ್ಬಿಣ ಮುಚ್ಚಿಟ್ಲು. ನಿಮ್ಮ ಬಾಗಿಲಾ ತೆರದೈತಿ, ಖರೆ. ಈಕಿಗೆ ಒಳಗ ಬರಾಕ ಆಗಬೇಕಲ್ಲ?" ಎಂದರು ಅಕ್ಕಾರ. ಆ ಕಡೆಯ ಮಾತು ಮೆತ್ತಗಾಯಿತು: ಹುಡುಗಿ ತಾಯಿಯ ಮಂಚದಲ್ಲೇ ಮಲಗಲಿ, ಊಟ ನಾವು ನೋಡಿಕೊಳ್ಳುತ್ತೇವೆ.

ಅವರು ಹೋದರು. ನಾನು ಬರಿದಾದ ಚೀಲ ಹೊತ್ತು ತೂಗಾಡುತ್ತಿದ್ದೆ. ಆ ಮೆತ್ತಗಿನ ಮಾತನ್ನೂ ನಾನು ನಂಬಲಿಲ್ಲ. ಫೋನಿನಲ್ಲಿ ಹೇಳಿದ್ದು ಬಾಗಿಲಲ್ಲಿ ಉಳಿದೀತೇ?

ಉಳಿಯಿತು. ರುಕ್ಮಾ ಮರಳಿ ಬಂದ ದಿನ ಅಕ್ಕಾರ ಅವಳ ಮೈಮೇಲೆ ಒಂದು ದಾರವನ್ನೂ ಬಿಡದೆ ಬಿಚ್ಚಿಸಿದರು. ಚೀಲದಲ್ಲಿ ಕೂರಿಸಿದ್ದೇ ತಡ, ಅವಳು ಅಕ್ಕಾರರ ಹೊಟ್ಟೆಗೆ ಒದ್ದಳು. ಮುಳ್ಳು ಕುಣಿಯಿತು. "ಅಯ್ಯ ಹಲ್ಕಟ್, ಸುಮ್ಮಕ ಕೂಡವಾ!" ಎಂದು ಅಕ್ಕಾರ ಗದರುತ್ತ ಅತ್ತರು. ತುಳಜವ್ವ ದೃಷ್ಟಿ ತಾಗದಿರಲೆಂದು ನೆಟಿಕೆ ಮುರಿದಳು.

ವರ್ಷಗಳು ಕಳೆದವು. ಈಗ ಒಂದು ಚಪ್ಪಟೆ ಯಂತ್ರ ಬಂದಿದೆ, ಅಂಕಿ ಮಿನುಗುತ್ತದೆ. ನನ್ನನ್ನು ಅಡುಗೆ ಕೋಣೆಯ ಮೂಲೆಯಲ್ಲಿ ತಗ್ಗಿನಲ್ಲಿ ಹೊಡೆದ ಒಂದು ಮೊಳೆಗೆ ಸಿಕ್ಕಿಸಿದ್ದಾರೆ. ಇಲ್ಲಿ ನೇತಾಡುತ್ತ ಯೋಚಿಸುತ್ತೇನೆ. ಅಷ್ಟು ದಿನ ಎಲ್ಲರ ಕೈಗಳನ್ನು ಅನುಮಾನಿಸಿದೆ. ಆ ತಾಯಿಗೆ ಯಾವುದರ ಅಂಜಿಕೆ ಎಂಬುದು ನನ್ನ ಮುಖದ ಯಾವ ಗೆರೆಯಲ್ಲೂ ಇರಲಿಲ್ಲ.

ಮೊನ್ನೆ ಅಂಗನವಾಡಿಗೆ ಬರುವ ಹುಡುಗಿಯೊಬ್ಬಳು ಅಡುಗೆ ಕೋಣೆಗೆ ನುಗ್ಗಿ, ಎರಡೂ ಕೈಯಿಂದ ನನ್ನ ಕೊಕ್ಕೆ ಹಿಡಿದು ಜೋತುಬಿದ್ದಳು. "ಅಕ್ಕಾರಽ, ನಾ ಎಷ್ಟದೀನಿ ನೋಡ್ರಿ!" ಮುಳ್ಳು ಕೊನೆಯ ಗೆರೆ ದಾಟಿ ಸಿಕ್ಕಿಕೊಂಡಿತು. ಸ್ಪ್ರಿಂಗ್ ಕಿರ್ರೆಂದಿತು, ಇನ್ನು ನಾನು ಯಾರನ್ನೂ ತೂಗಲಾರೆ. ಬಾಗಿಲಲ್ಲಿ ನಿಂತ ಬನವ್ವ, "ಏ ರುಕ್ಮಾ, ಮುರೀತೀ ಬಿಡಽ!" ಎಂದು ಕೂಗಿದಳು.

ಅವಳ ತೂಕ ಎಷ್ಟೋ ತಿಳಿಯಲಿಲ್ಲ. ಕಾಲಿನ ಹೆಬ್ಬೆರಳು ನೆಲಕ್ಕೆ ಊರಿತ್ತು ಎಂದು ನನಗೊಂದು ಅನುಮಾನ.