ಜಾಗ ತಪ್ಪಿದ ನೈಟ್ರೋಜನ್

ಅತ್ತಿಗೆ, ನಾದಿನಿ ಇಬ್ಬರಿಗೂ ಒಂದೇ ಪ್ರಯೋಗಾಲಯದಲ್ಲಿ ಕೆಲಸ. ಕಂಪ್ಯೂಟರಿನಲ್ಲಿ ಅಣುಗಳನ್ನು ಒಂದೊಂದಾಗಿ ಕಿಣ್ವದ ಪೊಟರೆಯೊಳಗೆ ಕೂರಿಸಿ, ಯಾವುದು ಗಟ್ಟಿಯಾಗಿ ಅಂಟಿ ಕಿಣ್ವದ ಕೆಲಸ ನಿಲ್ಲಿಸೀತು ಎಂದು ಲೆಕ್ಕ ಹಾಕುವವಳು ನಾದಿನಿ. ಹಾಗೆ ಆರಿಸಿದ್ದನ್ನು ನಿಜವಾಗಿ ತಯಾರಿಸುವವಳು ಅತ್ತಿಗೆ. ಮುನ್ನೂರರಲ್ಲಿ ಮೊದಲು ಬಂದ ಅಣುವಿಗಾಗಿ ಅವಳು ನಾಲ್ಕು ತಿಂಗಳು ಹೆಣಗಿದ್ದಳು. ಎರಡು ಸಲ ಎಲ್ಲವೂ ಡಾಂಬರಿನಂತೆ ಕಪ್ಪಗಾಗಿ ಹಾಳಾಗಿತ್ತು. ಮೂರನೇ ಸಲ ಒಂದು ಚಿಟಿಕೆ ಬಿಳಿ ಪುಡಿ ಸಿಕ್ಕಿತ್ತು.

ಕಿಣ್ವದ ಮೇಲೆ ಆ ಪುಡಿಯ ಪರೀಕ್ಷೆ ಇಂದು ಮೂರು ಗಂಟೆಗೆ. ಎರಡೂಕಾಲಿಗೆ, ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರ ಅಂದು ಸಂಜೆಯ ಭಾಷಣಕ್ಕೆಂದು ಕಡತದಿಂದ ಅಣುವಿನ ಚಿತ್ರ ತೆಗೆಯುತ್ತಿದ್ದ ನಾದಿನಿಗೆ ತಪ್ಪೊಂದು ಕಂಡಿತು. ಅತ್ತಿಗೆಗೆ ಕೊಟ್ಟ ಚೀಟಿಯಲ್ಲಿ ಅಣು ಸರಿಯಾಗಿತ್ತು, ಆದರೆ ಲೆಕ್ಕ ಹಾಕಿದ ಕಡತದಲ್ಲಿ, ಐದು ಮೂಲೆಯ ಉಂಗುರದಲ್ಲಿ ಅಕ್ಕಪಕ್ಕ ಇರಬೇಕಾದ ಎರಡು ನೈಟ್ರೋಜನ್‌ಗಳ ನಡುವೆ ಒಂದು ಕಾರ್ಬನ್ ಕೂತಿತ್ತು. ಬರೆದವಳು ಅವಳೇ. ಸರಿಪಡಿಸಿ ಮತ್ತೆ ಲೆಕ್ಕ ಹಾಕಿದಳು. ಅಣು ಒಂದನೆಯ ಸ್ಥಾನದಿಂದ ನೂರನಲವತ್ತನೆಯದಕ್ಕೆ ಇಳಿಯಿತು.

ಆ ಕಡತವನ್ನು ಬೇರೆ ಯಾರೂ ತೆರೆಯುವುದಿಲ್ಲ. ಅಳಿಸಿಬಿಟ್ಟರೆ? ಎದ್ದು ಅತ್ತಿಗೆಯ ಕೋಣೆಯ ಬಾಗಿಲಿಗೆ ಹೋದಳು.

"ಅತ್ತಿಗೆ, ಒಂದ್ನಿಮಿಷ ಆಚೆ ಬರ್ತೀರಾ?"

"ಈಗ್ಲಾ? ತೂಕ ಮಾಡ್ತಿದೀನಿ, ಜೋರಾಗಿ ಉಸಿರು ಬಿಟ್ರೂ ನಾಲ್ಕು ತಿಂಗಳು ಹಾರ್ಹೋಗತ್ತೆ. ಅಲ್ಲಿಂದಲೇ ಹೇಳು."

"ನೀವು ಮಾಡಿರೋದು ಸರಿಯಾಗೇ ಇದೆ. ನಾನು ಲೆಕ್ಕ ಹಾಕಿದ್ದು ಬೇರೆ ಅಣುವಿಗೆ. ನೈಟ್ರೋಜನ್ ಜಾಗ ತಪ್ಪಿ ಬರೆದಿದ್ದೆ."

ಅತ್ತಿಗೆ ಕೈಲಿದ್ದ ಪುಟ್ಟ ಚಮಚವನ್ನು ಮೆಲ್ಲಗೆ ಕೆಳಗಿಟ್ಟಳು. ಕೂಗಾಡಿದ್ದರೂ ಚೆನ್ನಾಗಿತ್ತು.

"ಮೇಷ್ಟ್ರಿಗೆ ಗೊತ್ತಾ?"

"ಇಲ್ಲ. ಮೊದಲು ನಿಮಗೇ..."

"ನಡಿ."

ನಾದಿನಿ ಹೇಳಿದ್ದನ್ನು ಕೇಳಿ ಮೇಷ್ಟ್ರು ಕನ್ನಡಕ ತೆಗೆದು ಗಡಿಯಾರ ನೋಡಿದರು. "ಇದನ್ನ ನಾಳೆ ಹೇಳಿದ್ರೆ ಆಗ್ತಿರ್ಲಿಲ್ವೇನಮ್ಮಾ?"

ಉತ್ತರ ಕೊಟ್ಟವಳು ಅತ್ತಿಗೆ: "ಮಾಡಿರೋದನ್ನ ಪರೀಕ್ಷೆ ಮಾಡೇಬಿಡೋಣ ಸರ್. ಭಾಷಣದಲ್ಲಿ ಮೊದಲನೇ ಸ್ಥಾನ ಅಂತ ಹಾಕಿರೋದನ್ನ ಮಾತ್ರ ತೆಗೀರಿ."

ಪರೀಕ್ಷೆ ನಡೆಯಿತು. ಎಷ್ಟು ಪುಡಿ ಬೆರೆಸಿದರೂ ಕಿಣ್ವ ಕ್ಯಾರೇ ಅನ್ನಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಅತ್ತಿಗೆ ಮುಂದಿನ ಸೀಟಿಗೆ ಹೋಗಿ ಕೂತಳು. "ಏನಾಯ್ತ್ರೇ ಇಬ್ಬರಿಗೂ?" ಎಂದು ಅಣ್ಣ ಊಟಕ್ಕೆ ಕೂತಾಗ ಕೇಳಿದ. ಎರಡು ದಿನ ಮನೆಯಲ್ಲಿ ಪಾತ್ರೆಗಳದ್ದೇ ಸದ್ದು.

ಮೂರನೇ ದಿನ ಪ್ರಯೋಗಾಲಯದಲ್ಲಿ ಅತ್ತಿಗೆ ಕುರ್ಚಿ ಎಳೆದುಕೊಂಡು ನಾದಿನಿಯ ಕಂಪ್ಯೂಟರಿನ ಮುಂದೆ ಕೂತಳು.

"ನೀನು ತಪ್ಪಾಗಿ ಬರೆದಿದ್ಯಲ್ಲ, ಮೊದಲನೇದಾಗಿ ಬಂದಿದ್ದು ಅದೇ ತಾನೇ? ತೋರ್ಸು. ಮಾಡೋಕಾಗತ್ತಾ ನೋಡ್ತೀನಿ."

"ಸಿಟ್ಟು ಹೋಯ್ತಾ?"

"ಹೋಗಿಲ್ಲ. ತೋರ್ಸು."

ನಾದಿನಿ ಕಡತ ತೆರೆದಳು. ಅತ್ತಿಗೆ ಪರದೆಗೆ ಬೆರಳೂರಿ ಒಂದೊಂದೇ ಪರಮಾಣುವನ್ನು ಗಟ್ಟಿಯಾಗಿ ಎಣಿಸತೊಡಗಿದಳು.