ಮಧ್ಯಾಹ್ನ ಮೂರರ ಗಾಳಿ

ಒಂದು ಓಣಿಯಲ್ಲಿ ಹದಿನಾಲ್ಕು ಹೊಲಿಗೆ ಅಂಗಡಿ. ಶಾಲೆ ತೆರೆಯಲು ತಿಂಗಳಿದೆ ಎಂದರೆ ಹದಿನಾಲ್ಕರಲ್ಲೂ ಸಮವಸ್ತ್ರದ ಕೆಲಸ. ನೀಲಿ ಚೂರು, ಬಿಳಿ ಚೂರು ಮೊಣಕಾಲೆತ್ತರ ಬೀಳುತ್ತವೆ. ಅವಕ್ಕೆ ಓಣಿಯವರು ಕಂಡುಕೊಂಡ ದಾರಿ ಒಂದೇ. ಬೆಳಗ್ಗೆ ಗಿರಾಕಿ ಬರುವ ಮುಂಚೆ ಹಿತ್ತಲಿನ ಡ್ರಮ್ಮಿಗೆ ಸುರಿದು ಕಡ್ಡಿ ಗೀರುವುದು.

ಮೂರನೇ ಮನೆಯ ಕಾಜಾ ಅಜ್ಜಿ ನಲವತ್ತು ವರ್ಷ ಅಂಗಿಗೆ ಕಾಜಾ ತೆಗೆದು ಗುಂಡಿ ಹಚ್ಚಿದವರು. ಹೆಸರು ಬಂದದ್ದೂ ಅದರಿಂದಲೇ. ಮಗ ಹೊಲಿಯುತ್ತಾನೆ, ಸೊಸೆ ಬಟ್ಟೆ ಕತ್ತರಿಸುತ್ತಾಳೆ. ಏಳು ವರ್ಷದ ಮೊಮ್ಮಗಳಿಗೆ ನಿಂತಲ್ಲಿ ನಿಲ್ಲಲು ಬರುವುದಿಲ್ಲ, ಕೈಯಲ್ಲಿ ಸದಾ ಹಗ್ಗ, ಸದಾ ಹಾರಾಟ. ಮನೆಯವರು ಅವಳನ್ನು ಮಿಡತೆ ಎನ್ನುತ್ತಾರೆ.

ಆ ಬೇಸಿಗೆ ಮಿಡತೆಗೆ ಕೆಮ್ಮು ಹತ್ತಿತು. ಎರಡು ಬಾಟಲಿ ಸಿರಪ್ಪು ಮುಗಿದರೂ ಬಿಡಲಿಲ್ಲ. ಮಗು ಕೆಮ್ಮಿದಾಗಲೆಲ್ಲ ಅಜ್ಜಿಯ ಕೈಯ ಸೂಜಿ ನಿಲ್ಲುತ್ತಿತ್ತು. ಅವರ ತಂಗಿ ಹೀಗೇ ಕೆಮ್ಮುತ್ತ ಕೆಮ್ಮುತ್ತ ಎಂಟನೇ ವಯಸ್ಸಿಗೆ ಹೋಗಿಬಿಟ್ಟಿದ್ದಳು. ಆ ಮಾತನ್ನು ಅಜ್ಜಿ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅದೇ ದಿನಗಳಲ್ಲಿ ಅವರ ತಾರಸಿಗೆ ಒಂದು ಪೆಟ್ಟಿಗೆ ಬಂತು. ಗಾಳಿಯನ್ನು ಓದುವ ವಿಜ್ಞಾನಿಯೊಬ್ಬರು ಕೇಳಿಕೊಂಡು ಇಟ್ಟದ್ದು. ಓಣಿಯವರು ಆಕೆಯನ್ನು ಗಾಳಿ ಮೇಡಂ ಎಂದರು. ಪೆಟ್ಟಿಗೆಯ ಕಿರುಗಾಜಿನಲ್ಲಿ ಎರಡು ಅಂಕಿ ಹೊಳೆಯುತ್ತಿದ್ದವು. ಮೇಲಿನದು ಗಾಳಿಯಲ್ಲಿ ತೇಲುವ ದೂಳು, ಮಸಿ. ಕೆಳಗಿನದು ಓಝೋನ್ ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಒಳಗೊಂದು ಬಿಳಿ ಕಾಗದ. ಗಾಳಿ ಅದರ ಮೂಲಕ ಹಾಯುತ್ತಿತ್ತು, ವಾರಕ್ಕೊಮ್ಮೆ ಮೇಡಂ ಬಂದು ಬದಲಿಸುತ್ತಿದ್ದರು.

ಮೊದಲ ವಾರದ ಕಾಗದ ಹೊರಗೆ ಬಂದಾಗ ಬಾಣಲೆಯ ತಳದಂತಿತ್ತು. ಇಷ್ಟು ಮಸಿ ಮಗುವಿನ ಎದೆಯೊಳಗೂ ಹೋಗಿದೆಯೇ ಎಂದು ಅಜ್ಜಿ ಮೊಮ್ಮಗಳತ್ತ ತಿರುಗಿ ನೋಡಿದರು. ಮಗ ಮಾತ್ರ ನಕ್ಕ.

"ಇದು ನಮ್ಮ ಡ್ರಮ್ಮಿಂದಲ್ಲ ಮೇಡಂ. ರಸ್ತೇಲಿ ಓಡೋ ಲಾರಿಗಳಿಗೆ ಹೋಗಿ ಹೇಳಿ."

"ಅವರಿಗೂ ಹೇಳ್ತಿದೀನಣ್ಣ. ಆದ್ರೆ ಲಾರಿಗೆ ತಾರಸಿ ಇಲ್ವಲ್ಲ, ಪೆಟ್ಟಿಗೆ ಎಲ್ಲಿಡ್ಲಿ?" ಎಂದರು ಮೇಡಂ.

ಮಗ ಮರುದಿನವೂ ಕಡ್ಡಿ ಗೀರಿದ. ಒಂದು ಡ್ರಮ್ಮಿನ ಹೊಗೆಗೆ ಊರು ಮುಳುಗಿಹೋಗುತ್ತದೆಯೇ ಎಂಬುದು ಅವನ ವಾದ.

ಮಗುವಿಗೆ ಒಳ್ಳೆಯ ಗಾಳಿ ಯಾವ ಹೊತ್ತಿಗೆ ಸಿಗುತ್ತದೆ ಎಂದು ತಿಳಿಯಲು ಅಜ್ಜಿ ಆ ಅಂಕಿಗಳ ಮೇಲೆ ಕಣ್ಣಿಟ್ಟರು. ಬೆಳಗ್ಗೆ ಡ್ರಮ್ಮುಗಳು ಹೊತ್ತಿದಾಗ ಮೇಲಿನ ಅಂಕಿ ಜಿಗಿಯುತ್ತಿತ್ತು, ಮಧ್ಯಾಹ್ನಕ್ಕೆ ಇಳಿಯುತ್ತಿತ್ತು. ಕೆಳಗಿನದು ತದ್ವಿರುದ್ಧ. ಬೆಳಗ್ಗೆ ಕಡಿಮೆ, ಬಿಸಿಲೇರಿದಂತೆ ಏರಿ ಮಧ್ಯಾಹ್ನ ಮೂರರ ಹೊತ್ತಿಗೆ ತುದಿ ಮುಟ್ಟುತ್ತಿತ್ತು. ಓಝೋನಿನ ಪಾಠವನ್ನು ಅಜ್ಜಿ ಯಾವುದೋ ಶಾಲಾ ಪುಸ್ತಕದಲ್ಲಿ ಓದಿದ್ದರು. ಸೂರ್ಯನ ಕೆಟ್ಟ ಕಿರಣ ತಡೆಯುವ ಕೊಡೆಯಂತೆ ಅದು, ಭೂಮಿಯನ್ನೇ ಕಾಯುತ್ತದಂತೆ. ಅಂದ ಮೇಲೆ ದೂಳು ಇಳಿದು ಓಝೋನ್ ಏರಿದ ಹೊತ್ತಿಗಿಂತ ಒಳ್ಳೆಯ ಹೊತ್ತು ಬೇರೆ ಯಾವುದು?

ಮರುದಿನದಿಂದ ಬೆಳಗಿನ ಹೊಗೆಗೆ ಕಿಟಕಿ ಮುಚ್ಚಿ ಮಗುವನ್ನು ಒಳಗಿಟ್ಟರು. ಮಧ್ಯಾಹ್ನ ಎರಡೂವರೆಗೆ ತಾರಸಿಗೆ ಕರೆದೊಯ್ದು, ನೀರಿನ ಟ್ಯಾಂಕಿನ ನೆರಳಲ್ಲಿ ಹಗ್ಗ ಕೈಗೆ ಕೊಟ್ಟರು. "ಚೆನ್ನಾಗಿ ಉಸಿರು ಎಳ್ಕೋ ಪುಟ್ಟಾ, ಈಗಿನ ಗಾಳಿ ಔಷಧಿ ಇದ್ದ ಹಾಗೆ" ಎಂದರು. ಆಕಾಶ ಒಗೆದ ಬಟ್ಟೆಯಂತೆ ಸ್ವಚ್ಛವಾಗಿತ್ತು.

ನಾಲ್ಕು ದಿನ ಹೀಗೇ ನಡೆಯಿತು. ಸಂಜೆಯಾದರೆ ಕೆಮ್ಮು ಇನ್ನೂ ಹೆಚ್ಚು. ತಣ್ಣೀರು ಕುಡಿದಿರಬೇಕು ಎಂದು ಅಜ್ಜಿ ಸೊಸೆಯ ಮೇಲೆ ಹರಿಹಾಯ್ದರು. ಸೊಸೆ ಕತ್ತರಿ ಕೆಳಗಿಟ್ಟು ಕಣ್ಣೊರೆಸಿಕೊಂಡಳು.

ಐದನೇ ದಿನ ಅಜ್ಜಿ ಎಣಿಸುತ್ತಿದ್ದರು. ಮೂವತ್ತೊಂದು, ಮೂವತ್ತೆರಡು. ಹಗ್ಗದ ಸದ್ದು ನಿಂತಿತು. ಮಿಡತೆ ಎರಡೂ ಕೈ ಮೊಣಕಾಲಿಗೆ ಊರಿ ಬಾಗಿ ನಿಂತಿದ್ದಳು. ಉಸಿರಿನೊಳಗೆ ಸೀಟಿಯಂಥ ಸದ್ದು. ಕೊರಳ ಕೆಳಗಿನ ಗುಳಿ ಒಳಕ್ಕೆ ಸೆಳೆದು ಸೆಳೆದು ಬಿಡುತ್ತಿತ್ತು. ಅಜ್ಜೀ ಎನ್ನಲು ಬಾಯಿ ತೆರೆದಳು, ಮಾತು ಬರಲಿಲ್ಲ. ತುಟಿಯ ಬಣ್ಣ ಮಾಸುತ್ತಿತ್ತು.

ಅಜ್ಜಿಗೆ ಕಂಡದ್ದು ಮೊಮ್ಮಗಳಲ್ಲ, ತಂಗಿ. ನಿಂತಲ್ಲೇ ನಿಂತುಬಿಟ್ಟರು, ಕೆಳಗಿದ್ದ ಮಗನನ್ನು ಕೂಗಲೂ ತೋಚಲಿಲ್ಲ.

ಅಂದು ಕಾಗದ ಬದಲಿಸುವ ದಿನವಾದ್ದರಿಂದ ಮಗು ಉಳಿಯಿತು. ಮೆಟ್ಟಿಲೇರಿ ಬಂದ ಮೇಡಂ ಕೈಯ ಚೀಲ ಅಲ್ಲೇ ಬಿಟ್ಟು, ಮಗುವನ್ನು ಮಲಗಿಸದೆ ನೆಟ್ಟಗೆ ಕೂರುವಂತೆ ತಬ್ಬಿ ಕೆಳಗಿಳಿಸಿ, ತಮ್ಮ ವ್ಯಾನಿನಲ್ಲೇ ಎಲ್ಲರನ್ನೂ ಆಸ್ಪತ್ರೆಗೆ ಒಯ್ದರು. ಅಲ್ಲಿ ಪುಟ್ಟ ಮುಖಕ್ಕೆ ಔಷಧಿಯ ಆವಿ ಬರುವ ಮುಖವಾಡ ಹಾಕಿದರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮಗ ಹೊರಗೆ ಬಂದು ಗೋಡೆಗೊರಗಿ ತಲೆ ತಗ್ಗಿಸಿ ಕೂತ.

ಅಜ್ಜಿ ಹೊರಗಿನ ಬೆಂಚಿನ ಮೇಲೆ ಮೇಡಂ ಪಕ್ಕ ಕೂತಿದ್ದರು. "ನಾನೇ ಕರ್ಕೊಂಡು ಹೋಗಿದ್ದು" ಎಂದರು ಮೆಲ್ಲಗೆ. "ಓಝೋನ್ ಏರೋ ಹೊತ್ತು ನೋಡಿ ನೋಡಿ ಕರ್ಕೊಂಡು ಹೋದೆ ಕಣಮ್ಮಾ. ಕೊಡೆ ಅಂತ ಓದಿದ್ದೆ."

ಮೇಡಂ, "ಅಂಕಿ ತೋರಿಸಿದೆ, ಅರ್ಥ ಹೇಳಲಿಲ್ಲ. ತಪ್ಪು ನಂದೂ ಇದೆ ಅಜ್ಜಿ" ಎಂದರು. "ನೀವು ಓದಿದ್ದೂ ನಿಜ. ಆದ್ರೆ ಆ ಕೊಡೆ ಇರೋದು ವಿಮಾನ ಹಾರೋದಕ್ಕಿಂತ ಮೇಲೆ. ಒಂದು ಮಾತು ಕೇಳ್ತೀನಿ. ಸೂಜಿ ಬಟ್ಟೇಲಿದ್ರೆ ಹೊಲಿಗೆ. ಮಗು ಮಲಗೋ ಹಾಸಿಗೇಲಿದ್ರೆ?"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮೇಡಂ ಬಿಡಿಸಿ ಹೇಳಿದರು. ವಾಹನದ ಹೊಗೆ, ಸುಟ್ಟ ಕಸದ ಹೊಗೆ, ಇವುಗಳಲ್ಲಿ ಮಸಿಯ ಜೊತೆ ಕಣ್ಣಿಗೆ ಕಾಣದ ಆವಿಗಳೂ ಇರುತ್ತವೆ. ಬಿಸಿಲು ಆ ಆವಿಗಳನ್ನು ಬೇಯಿಸಿ ನೆಲದ ಮಟ್ಟದಲ್ಲೇ ಓಝೋನ್ ಮಾಡುತ್ತದೆ. ಅದಕ್ಕೆ ಬಣ್ಣವಿಲ್ಲ, ಆಕಾಶ ತಿಳಿಯಾಗಿದ್ದರೂ ಇರುತ್ತದೆ. ಎದೆಯೊಳಗಿನ ಮೆತ್ತಗಿನ ಪದರವನ್ನು ಕೆರಳಿಸುತ್ತದೆ. ಓಡಿ ಹಾರಿದಷ್ಟೂ ಹೆಚ್ಚು ಒಳಗೆ ಹೋಗುತ್ತದೆ, ಬಾಯಿಗೆ ಬಟ್ಟೆ ಕಟ್ಟಿದರೂ ನಿಲ್ಲುವುದಿಲ್ಲ.

ಮಗ ತಲೆಯೆತ್ತಿದ. "ಬೆಳಗ್ಗೆ ಹೊಗೆ, ಮಧ್ಯಾಹ್ನ ಇದು. ಹಾಗಾದ್ರೆ ನನ್ನ ಮಗು ಹೊರಗೆ ಆಡೋದು ಯಾವಾಗ ಮೇಡಂ?"

"ಮಧ್ಯಾಹ್ನದ್ದು ನಿಮ್ಮೊಬ್ಬರ ಕೈಲಿಲ್ಲ ಅಣ್ಣ. ಊರೆಲ್ಲ ಸೇರಿ ಹೊಗೆ ಕಡಿಮೆ ಮಾಡಿದ್ರೆ ಮಾತ್ರ ಇಳಿಯತ್ತೆ. ಬೆಳಗಿನ ಹೊತ್ತಿದೆಯಲ್ಲ, ಅದನ್ನ ಓಣಿಯವರೇ ಮಗುವಿಂದ ಕಿತ್ಕೊಂಡಿದೀರಿ. ಓಣಿಯವರೇ ವಾಪಸ್ ಕೊಡಬಹುದು."

ಮರುದಿನ ಮಗ ಕಡ್ಡಿ ಗೀರಲಿಲ್ಲ. ಡ್ರಮ್ಮನ್ನು ತೊಳೆದು ಅಂಗಡಿಯೊಳಕ್ಕೆ ತಂದು ಚೂರು ತುಂಬಿಟ್ಟ. ಹಾಸಿಗೆ ತುಂಬುವವನಿಗೆ ಆ ಚೂರು ಬೇಕಿತ್ತು, ಅವನೇ ಬಂದು ಹೊತ್ತುಕೊಂಡು ಹೋದ. ಇಷ್ಟು ವರ್ಷ ಅವನನ್ನು ಕೇಳಲು ಯಾರಿಗೂ ತೋಚಿರಲಿಲ್ಲ.

ಅಜ್ಜಿ ಕಪ್ಪು ಕಾಗದವನ್ನು ಮೇಡಂ ಹತ್ತಿರ ಕೇಳಿ ಪಡೆದು ಉಳಿದ ಹದಿಮೂರು ಅಂಗಡಿಯ ಮೆಟ್ಟಿಲು ಹತ್ತಿದರು. ಕೆಲವರು ಕೂರಿಸಿ ಕೇಳಿದರು. ಕೊನೆಯ ಅಂಗಡಿಯವನು, ಹಳೇ ಬಟನ್ ಅಜ್ಜಿ ಈಗ ಭಾಷಣಕ್ಕೆ ಹೊರಟಿದೆ ಎಂದು ಕಿಚಾಯಿಸಿದ. ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. ತಂಗಿಯ ಕಥೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವನಿಗೇ. ಅವನ ಮನೆಯಲ್ಲೂ ತೊಟ್ಟಿಲಿತ್ತು. ಒಂದೊಂದಾಗಿ ಓಣಿಯ ಡ್ರಮ್ಮುಗಳು ಹೊತ್ತುವುದು ನಿಂತಿತು.

ಎರಡು ವಾರ ಕಳೆದು ಹೊರಬಂದ ಕಾಗದ ಬೆಳ್ಳಗಿರಲಿಲ್ಲ, ಆದರೆ ಕಪ್ಪೂ ಅಲ್ಲ, ಬೂದಿಯ ಬಣ್ಣಕ್ಕಿತ್ತು. ಹಳೆಯ ಕಪ್ಪು ಕಾಗದವನ್ನೂ ಇದನ್ನೂ ಅಕ್ಕಪಕ್ಕ ಹಿಡಿದು ಮಗ ಹೋಲಿಸಿ ನೋಡಿದ.

ಕೆಳಗಿನ ಅಂಕಿ ಈಗಲೂ ಮಧ್ಯಾಹ್ನ ಏರುತ್ತದೆ. ಏರಿದಾಗ ಅಜ್ಜಿ ಮಗುವನ್ನು ಒಳಗೆ ಕರೆದು ಗುಂಡಿ ಪೋಣಿಸಲು ಕೂರಿಸುತ್ತಾರೆ. ಡಾಕ್ಟರು ಕೊಟ್ಟ ಔಷಧಿ ಕೈಗೆಟಕುವಲ್ಲೇ ಇದೆ. ಬೆಳಗ್ಗೆ ಏಳಕ್ಕೆ ಮಾತ್ರ ತಾರಸಿಯ ಮೇಲೆ ಹಗ್ಗದ ಸದ್ದು ಕೇಳುತ್ತದೆ. ಅಜ್ಜಿ ಎಣಿಸುತ್ತಾರೆ. ಮೂವತ್ತೆರಡು ದಾಟಿದ ಮೇಲೆಯೇ ಅವರ ಉಸಿರು ಸಡಿಲವಾಗುವುದು.

ಇದನ್ನು ಓದುತ್ತಿರುವ ಅಕ್ಕ, ತಮ್ಮ, ನಿಮ್ಮ ಹಿತ್ತಲಲ್ಲೂ ಒಂದು ಡ್ರಮ್ಮು ಇರಬಹುದು. ನಾಳೆ ಬೆಳಗ್ಗೆ ಕಡ್ಡಿ ಗೀರುವ ಮುಂಚೆ ಒಂದು ಗಳಿಗೆ ಕೈ ತಡೆಯಿರಿ, ಆ ಚೂರು ಯಾರಿಗಾದರೂ ಬೇಕೇ ಎಂದು ಕೇಳಿ ನೋಡಿ. ಬಿಸಿಲು ಸುಡುವ ಮಧ್ಯಾಹ್ನಗಳಲ್ಲಿ ಮಕ್ಕಳ ಓಟ ಹಾರಾಟ ಬೇಡ, ಆಕಾಶ ಎಷ್ಟೇ ತಿಳಿಯಾಗಿ ಕಾಣಲಿ. ಮಗುವಿನ ಉಸಿರಿನಲ್ಲಿ ಸೀಟಿ ಕೇಳಿದರೆ, ಕೊರಳ ಗುಳಿ ಒಳಗೆ ಸೆಳೆದರೆ, ನೋಡೋಣ ಎಂದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಆ ಮನೆಗೆ ಅಂದು ಮೆಟ್ಟಿಲೇರಿ ಒಬ್ಬರು ಬಂದರು. ನಿಮ್ಮ ಮನೆಗೆ ಆ ಹೊತ್ತಿಗೆ ಯಾರೂ ಬರದೇ ಇರಬಹುದು.